ಹದಿನೈದು ಕಿಲೋ ಯಾರ ಬೆನ್ನಿಗೆ?

ಪ್ರವಾಸ ಸಾಹಿತ್ಯ ಸತ್ತುಹೋಯ್ತು, ಈಗ ಯಾರೂ ಓದಲ್ಲ ಅಂತ ಬೇಜಾರು ಮಾಡ್ಕೊಳ್ಳೋರಿಗೆ ಒಂದು ಸಮಾಧಾನದ ಸುದ್ದಿ ಇದೆ. ಅದು ಸತ್ತಿಲ್ಲ, ಪಿಡಿಎಫ್ ಆಗಿದೆ. ಹಿಮಾಲಯದ ಚಾರಣಕ್ಕೆ ದುಡ್ಡು ಕಟ್ಟಿದ ಮರುದಿನ ಕಂಪನಿಯವರು ವಾಟ್ಸಾಪಿನಲ್ಲಿ ‘ಥಿಂಗ್ಸ್ ಟು ಕ್ಯಾರಿ’ ಅಂತ ಒಂದು ಫೈಲ್ ಕಳಿಸ್ತಾರಲ್ಲ, ಅದೇ. ನಮ್ಮ ತಲೆಮಾರಿನ ಐಟಿ ಜನ ಬೆಟ್ಟದ ಬಗ್ಗೆ ಸಾಲುಸಾಲಾಗಿ, ಟಿಕ್ ಹಾಕ್ತಾ, ಎರಡೆರಡು ಸಲ ಓದುವ ಬರಹ ಬಹುಶಃ ಅದೊಂದೇ. ಕಾದಂಬರಿಗೆ ವಿಮರ್ಶೆ ಇದೆ, ಸಿನಿಮಾಕ್ಕಿದೆ, ಹೋಟೆಲಿನ ಮಸಾಲೆದೋಸೆಗೂ ಇದೆ. ಇಷ್ಟು ಶ್ರದ್ಧೆಯಿಂದ ಓದಿಸಿಕೊಳ್ಳುವ ಬರಹಕ್ಕೆ ಒಂದು ವಿಮರ್ಶೆ ಬೇಡವಾ?

ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೋಗುವ ಮುಂಚೆ ನಾನು ಇಂಥ ಏಳೆಂಟು ಪಟ್ಟಿ ಕೂಡಿಹಾಕಿಕೊಂಡಿದ್ದೆ. ಬೆಂಗಳೂರಿನ ಕಂಪನಿಗಳದ್ದು, ಕಠ್ಮಂಡುವಿನದು, ಹೋಗಿಬಂದ ಗೆಳೆಯರು ಎಕ್ಸೆಲ್ ಶೀಟಿನಲ್ಲಿ ಮಾಡಿಟ್ಟಿದ್ದು. ವಾಪಸ್ ಬಂದ ಮೇಲೆ ಎಲ್ಲವನ್ನೂ ಇನ್ನೊಂದು ಸಲ ಓದಿದೆ. ಹೋಗುವ ಮುಂಚೆ ಓದಿದಾಗ ಪಟ್ಟಿಯಲ್ಲಿ ಏನಿದೆ ಅಂತ ಕಂಡಿತ್ತು. ಬಂದಮೇಲೆ ಓದಿದಾಗ ಏನಿಲ್ಲ ಅಂತ ಕಂಡಿತು. ಈ ಬರಹ ಆ ಎರಡನೇ ಓದಿನದು.

ಮೊದಲು ಒಳ್ಳೇದನ್ನ ಹೇಳಿಬಿಡೋಣ. ಪಟ್ಟಿ ದಡ್ಡರು ಬರೆದದ್ದಲ್ಲ. ಬಟ್ಟೆಯನ್ನು ಪದರಪದರವಾಗಿ ಹಾಕಿಕೊಳ್ಳಿ ಅಂತ ಅದು ಹೇಳುವುದರ ಹಿಂದೆ ನೂರು ವರ್ಷದ ಅನುಭವ ಇದೆ. ಮೈಗೆ ತಾಗುವ ಪದರ ಬೆವರನ್ನು ಹೊರಗೆ ಹಾಕಬೇಕು, ನಡುವಿನದು ಬಿಸಿ ಹಿಡಿದಿಡಬೇಕು, ಹೊರಗಿನದು ಗಾಳಿ, ಮಳೆ ತಡೆಯಬೇಕು. ಹತ್ತಿ ಬಟ್ಟೆ ಬೇಡ ಅನ್ನುವುದೂ ಸರಿ. ನಮ್ಮ ಸೆಕೆಗೆ ಅದು ದೇವರಂಥ ಬಟ್ಟೆ, ಆದರೆ ಬೆವರು ಕುಡಿದು ಒದ್ದೆಯಾಗಿ ಕೂತರೆ ನಾಲ್ಕು ಸಾವಿರ ಮೀಟರಿನ ಗಾಳಿಯಲ್ಲಿ ಅದೇ ಹತ್ತಿ ಮೈಯ ಬಿಸಿಯನ್ನೆಲ್ಲ ಕದಿಯುತ್ತೆ. ಶೂ ಹೊಸದಾಗಿರಬಾರದು, ತಿಂಗಳುಗಟ್ಟಲೆ ಹಾಕಿ ಪಳಗಿಸಿರಬೇಕು. ಪವರ್ ಬ್ಯಾಂಕನ್ನು ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಕೊಳ್ಳಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತೆ. ನೀರು ಶುದ್ಧ ಮಾಡುವ ಮಾತ್ರೆ ಇರಲಿ. ಇದೆಲ್ಲ ಅನುಭವದ ಮಾತು, ಪಾಲಿಸಬೇಕಾದ್ದೇ.

ತಕರಾರು ಇರುವುದು ವಸ್ತುಗಳ ಬಗ್ಗೆ ಅಲ್ಲ, ಪಟ್ಟಿ ಯಾರ ಜೊತೆ ಮಾತಾಡ್ತಿದೆ ಅನ್ನುವುದರ ಬಗ್ಗೆ. ನೋಡಿ, ಪಟ್ಟಿಯ ‘ನೀವು’ ಒಬ್ಬ ಗ್ರಾಹಕ. ಕೊಳ್ಳಿ, ತನ್ನಿ, ತುಂಬಿಕೊಳ್ಳಿ, ಮರೆಯಬೇಡಿ. ಎಲ್ಲ ಕ್ರಿಯಾಪದವೂ ಅಂಗಡಿಯ ಕಡೆಗೇ ಬೆರಳು ತೋರಿಸುತ್ತೆ. ಬೆಟ್ಟದ ಎದುರು ನಮಗೆ ಹುಟ್ಟುವ ಭಯ ನ್ಯಾಯವಾದದ್ದು. ಪಟ್ಟಿ ಆ ಭಯವನ್ನು ಒಂದು ಶನಿವಾರದ ಶಾಪಿಂಗಿಗೆ ಇಳಿಸಿ ಸಮಾಧಾನ ಮಾಡುತ್ತೆ. ಸರ್ಜಾಪುರ ರಸ್ತೆಯ ಡೆಕಾಥ್ಲಾನಿನಿಂದ ಎರಡು ದೊಡ್ಡ ಚೀಲ ಹೊತ್ತು ಹೊರಗೆ ಬಂದಾಗ ಅರ್ಧ ಬೆಟ್ಟ ಹತ್ತಿದ ಹಾಗೆ ಅನಿಸುತ್ತಲ್ಲ, ಅದು ಪಟ್ಟಿ ಮಾಡುವ ಮೋಡಿ. ಹತ್ತಿರೋದು ಎಸ್ಕಲೇಟರ್ ಮಾತ್ರ.

ಈ ಪ್ರಕಾರಕ್ಕೆ ಒಂದು ಚರಿತ್ರೆ ಇದೆ. 1953ರ ಬ್ರಿಟಿಷ್ ಎವರೆಸ್ಟ್ ತಂಡದ ನಾಯಕ ಜಾನ್ ಹಂಟ್ ಸೇನೆಯ ಕರ್ನಲ್. ಆ ವರ್ಷವೇ ಬಂದ ಅವರ ‘ದಿ ಅಸೆಂಟ್ ಆಫ್ ಎವರೆಸ್ಟ್’ ಪುಸ್ತಕದ ಕೊನೆಯಲ್ಲಿ ಸಲಕರಣೆ, ಆಮ್ಲಜನಕ, ಆಹಾರ, ಶರೀರಶಾಸ್ತ್ರ ಅಂತ ಅನುಬಂಧಗಳಿವೆ. ನಮ್ಮ ಪಿಡಿಎಫಿನ ಮುತ್ತಾತ ಅಂದರೆ ಅದು. ಆ ತಂಡದ ಜೊತೆ ಹೊರಟ ಪೋರ್ಟರುಗಳು 350ಕ್ಕೂ ಹೆಚ್ಚು, ಸಾಮಾನು ಸುಮಾರು ನಾಲ್ಕೂವರೆ ಟನ್. ನಾನೇನೂ ಆ ಕಾಲ ಚೆನ್ನಾಗಿತ್ತು ಅಂತಿಲ್ಲ. ಸಾಹೇಬರ ಕಾಲ ಅದು, ಹೊರೋರು ಯಾರು, ಹೆಸರು ಯಾರಿಗೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಆ ಪಟ್ಟಿಗೆ ಒಂದು ಗುಣ ಇತ್ತು. ಅದು ಇಡೀ ಯಾತ್ರೆಯ ಲೆಕ್ಕ. ಎಷ್ಟು ಸಾಮಾನು ಅನ್ನುವುದರ ಜೊತೆಗೇ ಅದನ್ನು ಎಷ್ಟು ಜನ ಹೊರಬೇಕು, ಎಷ್ಟು ದಿನ ನಡೆಯಬೇಕು, ದೇಹಕ್ಕೆ ಎಷ್ಟು ನೀರು ಬೇಕು ಅನ್ನುವುದೂ ಅದರಲ್ಲಿ ಬರಲೇಬೇಕಿತ್ತು. ಗ್ರಿಫಿತ್ ಪ್ಯೂ ಅನ್ನುವ ಶರೀರಶಾಸ್ತ್ರಜ್ಞ ಆ ತಂಡದಲ್ಲೇ ಇದ್ದರು. ಎತ್ತರದಲ್ಲಿ ನೀರು ಜಾಸ್ತಿ ಕುಡಿಯಬೇಕು, ಎತ್ತರಕ್ಕೆ ಒಗ್ಗಿಕೊಳ್ಳಲು ಸಮಯ ಬೇಕು ಅಂತ ಪಟ್ಟು ಹಿಡಿದವರು ಅವರು.

1964ರಲ್ಲಿ ಎರಡು ಸಂಗತಿ ಆದವು. ಗೂರ್ಖಾ ಪಡೆಯಲ್ಲಿದ್ದ ಜಿಮ್ಮಿ ರಾಬರ್ಟ್ಸ್ ಕಠ್ಮಂಡುವಿನಲ್ಲಿ ‘ಮೌಂಟನ್ ಟ್ರಾವೆಲ್’ ಅಂತ ಚಾರಣದ ಕಂಪನಿ ತೆರೆದರು. ಬೆಟ್ಟಕ್ಕೆ ಹೋಗುವುದು ಯಾರು ಬೇಕಾದರೂ ದುಡ್ಡು ಕೊಟ್ಟು ಕೊಳ್ಳಬಹುದಾದ ರಜೆಯಾಯಿತು. ಅದೇ ವರ್ಷ ಎಡ್ಮಂಡ್ ಹಿಲರಿ ಲುಕ್ಲಾದಲ್ಲಿ ಏರ್‌ಸ್ಟ್ರಿಪ್ ಮಾಡಿಸಿದರು. 1953ರ ತಂಡ ಕಠ್ಮಂಡು ಕಣಿವೆಯಿಂದ ತೆಂಗ್‌ಬೋಚೆಗೆ ಎರಡು ವಾರಕ್ಕೂ ಹೆಚ್ಚು ಕಾಲ ನಡೆದಿತ್ತು. ನಾವು ವಿಮಾನದಿಂದ ಲುಕ್ಲಾದಲ್ಲಿ ಇಳಿದ ನಾಲ್ಕೈದು ದಿನಕ್ಕೆ ಅಲ್ಲಿರ್ತೀವಿ. ಹಳೆಯ ಪಟ್ಟಿಯಲ್ಲಿದ್ದ ಅತಿ ದುಬಾರಿ ವಸ್ತು ಅಂದರೆ ಸಮಯ. ಅದನ್ನು ತೆಗೆದು, ಆ ಜಾಗಕ್ಕೆ ಜಾಕೆಟ್ ಹಾಕಿದ್ದೀವಿ.

ಇದು ಬರೀ ಮಾತಿನ ಚಮತ್ಕಾರ ಅಲ್ಲ, ಲೆಕ್ಕ ಹಾಕಿ ನೋಡಿ. ಲುಕ್ಲಾ ಸುಮಾರು 2,860 ಮೀಟರ್. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930. ಅಂದರೆ ಚಾರಣ ಶುರುವಾಗುವ ಮೊದಲ ಹೆಜ್ಜೆಯೇ ನಮ್ಮ ರಾಜ್ಯದ ನೆತ್ತಿಗಿಂತ ಒಂಬೈನೂರು ಮೀಟರ್ ಮೇಲೆ. ಕುಮಾರಪರ್ವತ ಎಷ್ಟು ಸಲ ಹತ್ತಿ ಇಳಿದರೂ ಕಾಲು ಗಟ್ಟಿಯಾಗುತ್ತೆ, ರಕ್ತಕ್ಕೆ ಎತ್ತರದ ಪರಿಚಯ ಆಗಲ್ಲ. ಬೇಸ್ ಕ್ಯಾಂಪ್ ಇರುವುದು 5,364 ಮೀಟರಿನಲ್ಲಿ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧಕ್ಕೆ ಹತ್ತಿರ.

ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚು ಏರಿಸಬೇಡಿ, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ರಾತ್ರಿ ಹೆಚ್ಚು ಅದೇ ಎತ್ತರದಲ್ಲಿ ಕಳೆಯಿರಿ. ಇದು ಎತ್ತರದ ವೈದ್ಯರು ಒಪ್ಪಿಕೊಂಡ ಸೂತ್ರ. ಈಗ ಹಾದಿ ನೋಡಿ: ನಾಮ್ಚೆ 3,440, ತೆಂಗ್‌ಬೋಚೆ 3,860, ದಿಂಗ್‌ಬೋಚೆ 4,410, ಲೊಬುಚೆ 4,940, ಗೊರಕ್‌ಶೆಪ್ 5,164. ನಾಮ್ಚೆಯಲ್ಲಿ ಎರಡು ರಾತ್ರಿ, ದಿಂಗ್‌ಬೋಚೆಯಲ್ಲಿ ಎರಡು ರಾತ್ರಿ ಇದ್ದರೆ ಸೂತ್ರಕ್ಕೆ ಹೆಚ್ಚುಕಮ್ಮಿ ಸರಿಹೋಗುತ್ತೆ. ‘ಫಾಸ್ಟ್’ ಅಂತ ಮಾರುವ ಪ್ಯಾಕೇಜಿನಲ್ಲಿ ಮೊದಲು ಹಾರಿಹೋಗುವುದು ದಿಂಗ್‌ಬೋಚೆಯ ಆ ಎರಡನೇ ರಾತ್ರಿ. ಹಾರಿಸಿದರೆ ಏನಾಯ್ತು? ನಾಮ್ಚೆ ಬಿಟ್ಟ ನಾಲ್ಕನೇ ರಾತ್ರಿಗೆ ನೀವು 1,700 ಮೀಟರ್ ಮೇಲೆ ಮಲಗಿರ್ತೀರಿ. ಅದಕ್ಕೆ ಯಾವ ಡೌನ್ ಜಾಕೆಟ್ಟೂ ಪರಿಹಾರ ಅಲ್ಲ.

ಬೇಕಾದರೆ ಹಳೆಯ ಸಾಕ್ಷ್ಯ ಒಂದಿದೆ. 1976ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪೀಟರ್ ಹ್ಯಾಕೆಟ್, ಡ್ರಮಂಡ್ ರೆನ್ನಿ ಮೊದಲಾದ ವೈದ್ಯರು ಇದೇ ಹಾದಿಯ ಫೆರಿಚೆಯಲ್ಲಿ 278 ಚಾರಣಿಗರನ್ನು ಪರೀಕ್ಷಿಸಿ ಬರೆದರು. ಶೇ 53 ಜನಕ್ಕೆ ಎತ್ತರದ ಕಾಯಿಲೆಯ ಲಕ್ಷಣ ಇತ್ತು. ಲುಕ್ಲಾಕ್ಕೆ ವಿಮಾನದಲ್ಲಿ ಬಂದವರಲ್ಲಿ, ಬೇಗ ಹತ್ತಿದವರಲ್ಲಿ, ದಾರಿಯಲ್ಲಿ ಕಡಿಮೆ ರಾತ್ರಿ ತಂಗಿದವರಲ್ಲಿ ಹೆಚ್ಚು. ಇನ್ನೊಂದು ವಿಷಯ ನಮ್ಮಂಥ ಓದುಗರಿಗೆ ಮುಖ್ಯ: ವಯಸ್ಸು ಕಡಿಮೆ ಇದ್ದವರಲ್ಲಿ ಹೆಚ್ಚು. ಹಿಂದೆ ಎತ್ತರಕ್ಕೆ ಹೋಗಿಬಂದ ಅನುಭವದಿಂದ ರಕ್ಷಣೆ ಏನೂ ಕಾಣಲಿಲ್ಲ. ಮ್ಯಾರಥಾನ್ ಓಡ್ತೀನಿ, ದಿನಾ ಜಿಮ್ಮಿಗೆ ಹೋಗ್ತೀನಿ ಅನ್ನುವ ಮೂವತ್ತರ ಹುಡುಗನಿಗೆ ಅಪಾಯ ಕಮ್ಮಿ ಅಂತ ಯಾರೂ ತಿಳಿಯಬೇಕಾಗಿಲ್ಲ. ಗಟ್ಟಿ ಕಾಲು ಅವನನ್ನು ಬೇಗ ಮೇಲೆ ಕರೆದುಕೊಂಡು ಹೋಗುತ್ತೆ, ಅಷ್ಟೆ.

ನಾನು ಓದಿದ ಪಟ್ಟಿಗಳಲ್ಲಿ ಇದು ಎಲ್ಲಿದೆ ಅಂತ ಹುಡುಕಿದೆ. ‘ಮೆಡಿಕಲ್ ಕಿಟ್’ ಅನ್ನುವ ಸಾಲಿನಲ್ಲಿ ಡಯಾಮಾಕ್ಸ್ ಅಂತ ಒಂದು ಪದ. ಬ್ಯಾಂಡ್ ಏಡ್, ಡೋಲೋ, ಡಯಾಮಾಕ್ಸ್, ಓಆರ್‌ಎಸ್. ಸಂತೆಯ ಚೀಟಿಯ ಹಾಗೆ. ಅದು ಯಾರು ತಗೋಬಾರದು, ಯಾವಾಗ ಶುರು ಮಾಡಬೇಕು, ಸಲ್ಫಾ ಅಲರ್ಜಿ ಇದ್ದವರು ಮೊದಲು ಡಾಕ್ಟರನ್ನು ಕೇಳಬೇಕು, ತಗೊಂಡರೂ ರಜೆಯ ದಿನ ಉಳಿಸೋಕೆ ಆಗಲ್ಲ ಅನ್ನುವ ಒಂದು ಮಾತಿಲ್ಲ. ತಲೆನೋವಿನ ಜೊತೆ ವಾಂತಿ, ಸುಸ್ತು ಬಂದರೆ ಇನ್ನು ಮೇಲೆ ಹೋಗಬೇಡಿ. ನಡೆಯುವಾಗ ಕುಡಿದವರ ಹಾಗೆ ತೂರಾಡಿದರೆ, ಕೂತಿದ್ದರೂ ಉಸಿರುಗಟ್ಟಿದರೆ ಆ ಹೊತ್ತಿಗೇ ಕೆಳಗೆ ಇಳಿಯಿರಿ, ಬೆಳಗಾಗಲಿ ಅಂತ ಕಾಯಬೇಡಿ. ಹೀಗೆ ಎರಡು ಸಾಲು ಬರೆಯೋಕೆ ಎಷ್ಟು ಜಾಗ ಬೇಕು? ಅದೇ ಪಿಡಿಎಫಿನಲ್ಲಿ ಸನ್‌ಗ್ಲಾಸಿಗೆ ನಾಲ್ಕು ಸಾಲು ಇತ್ತು.

ಇನ್ನು ತೂಕದ ವಿಷಯ. ಲುಕ್ಲಾದ ಸಣ್ಣ ವಿಮಾನದಲ್ಲಿ ಒಬ್ಬರಿಗೆ 15 ಕಿಲೋ, ಬೆನ್ನಚೀಲವೂ ಸೇರಿ. ಎಲ್ಲ ಪಟ್ಟಿಯಲ್ಲೂ ಈ ಸಂಖ್ಯೆ ದಪ್ಪ ಅಕ್ಷರದಲ್ಲಿ ಇರುತ್ತೆ. ನಾನು ದುಡ್ಡು ಕಟ್ಟಿದ ಕಂಪನಿಯ ಪಟ್ಟಿಯಲ್ಲಿ ಅದರ ಕೆಳಗೇ, ಹೆಚ್ಚುವರಿ ಲಗೇಜಿಗೆ ಕಿಲೋ ಲೆಕ್ಕದಲ್ಲಿ ದುಡ್ಡು ಕಟ್ಟಬಹುದು ಅಂತಲೂ ಇತ್ತು. ಪೋರ್ಟರ್ ಅನ್ನುವ ಪದ ಇಡೀ ಕಡತದಲ್ಲಿ ಬಂದದ್ದು ಒಂದೇ ಸಲ: ಪೋರ್ಟರ್ ಇರ್ತಾರೆ, ಆದ್ದರಿಂದ ಭಾರದ ಚಿಂತೆ ಬೇಡ.

ಆ ವಾಕ್ಯವನ್ನ ಇನ್ನೊಮ್ಮೆ ಓದಿ. ಭಾರ ಇಲ್ಲ ಅಂತ ಹೇಳಿಲ್ಲ. ಚಿಂತೆ ಬೇಡ ಅಂತ ಹೇಳಿದೆ. ಹದಿನೈದು ಕಿಲೋ ಅನ್ನುವುದು ವಿಮಾನದ ರೆಕ್ಕೆಯ ಮಿತಿ. ಹೆಚ್ಚಿಗೆ ದುಡ್ಡು ಕಟ್ಟಿದರೆ ವಿಮಾನದವರು ಸುಮ್ಮನಾಗ್ತಾರೆ, ಬೆನ್ನು ಸುಮ್ಮನಾಗಲ್ಲ. ಸಾಮಾನ್ಯವಾಗಿ ಇಬ್ಬರು ಚಾರಣಿಗರಿಗೆ ಒಬ್ಬ ಪೋರ್ಟರ್. ಇಬ್ಬರ ಡಫಲ್ ಬ್ಯಾಗನ್ನೂ ಒಟ್ಟಿಗೆ ಬಿಗಿದು, ನಾಮ್ಲೋ ಅನ್ನುವ ಪಟ್ಟಿಯನ್ನು ಹಣೆಗೆ ಕೊಟ್ಟು ಎತ್ತುತ್ತಾನೆ. ಅವನದೇ ಬಟ್ಟೆಬರೆ ಅದರ ಮೇಲೆ. ಚಾರಣದ ಪೋರ್ಟರಿಗೆ ಮೂವತ್ತು ಕಿಲೋ ಮಿತಿ ಅಂತ ನೇಪಾಳದಲ್ಲಿ ಸಾಮಾನ್ಯವಾಗಿ ಹೇಳ್ತಾರೆ. ಹೆಚ್ಚುವರಿ ಕಿಲೋಗೆ ದುಡ್ಡು ಕಟ್ಟಿ ಅಂತ ಪಟ್ಟಿ ಹೇಳಿದಾಗ ಆ ಮಿತಿಯ ಎಷ್ಟು ಹತ್ತಿರ ಹೋಗ್ತಿದೀವಿ ಅಂತ ಲೆಕ್ಕ ಹಾಕೋರು ಯಾರು?

‘ಅವರಿಗೆ ಅಭ್ಯಾಸ ಇರುತ್ತೆ’ ಅನ್ನುವ ಉತ್ತರ ಗುಂಪಿನಲ್ಲಿ ಯಾರಾದರೂ ಒಬ್ಬರು ಹೇಳೇ ಹೇಳ್ತಾರೆ. ಅಭ್ಯಾಸ ಇರುವುದು ನಿಜ. ನಾಮ್ಚೆ ಸಂತೆಗೆ ಸಾಮಾನು ಹೊರುವವರನ್ನು ತೂಕ ಮಾಡಿ ನೋಡಿದ ಅಧ್ಯಯನವೊಂದು 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಗಂಡಸರ ಹೊರೆ ಸರಾಸರಿ ಅವರ ದೇಹತೂಕದ ಶೇ 93. ಅಷ್ಟು ಹೊತ್ತೂ ಅವರು ನಮಗಿಂತ ಕಡಿಮೆ ಶಕ್ತಿ ಖರ್ಚು ಮಾಡಿ ನಡೀತಾರೆ. ಅದು ಅವರ ಕೌಶಲ. ಆದರೆ ಕೌಶಲಕ್ಕೂ ಕಾಯಿಲೆಗೂ ಸಂಬಂಧ ಇಲ್ಲ. ಹೊರುವವರೆಲ್ಲ ಎತ್ತರದಲ್ಲೇ ಹುಟ್ಟಿಬೆಳೆದ ಶೆರ್ಪಾಗಳು ಅಂತ ನಾವು ಅಂದುಕೊಂಡಿರ್ತೀವಿ. ಬಹಳಷ್ಟು ಜನ ಕೆಳಗಿನ ಕಣಿವೆಗಳಿಂದ ಹೊಟ್ಟೆಪಾಡಿಗೆ ಬಂದ ರಾಯ್, ತಮಾಂಗ್, ಮಗರ್ ಹುಡುಗರು. ಅವರ ಶ್ವಾಸಕೋಶದಲ್ಲೂ ನೀರು ತುಂಬುತ್ತೆ, ಅವರ ಬೆರಳೂ ಹೆಪ್ಪುಗಟ್ಟುತ್ತೆ. ಒಬ್ಬ ಪೋರ್ಟರಿನ ಸಾವಿನ ನಂತರ 1997ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಪೋರ್ಟರ್ ರಕ್ಷಣಾ ಗುಂಪು ಕೇಳಿದ್ದು ಇಷ್ಟೇ: ಎತ್ತರಕ್ಕೆ ತಕ್ಕ ಬಟ್ಟೆ, ರಾತ್ರಿ ಮಲಗಲು ಜಾಗ, ಊಟ, ವಿಮೆ, ಕಾಯಿಲೆ ಬಿದ್ದರೆ ಚಾರಣಿಗನಿಗೆ ಸಿಗುವಂಥದ್ದೇ ಆರೈಕೆ, ಹುಷಾರಿಲ್ಲ ಅಂತ ಲೆಕ್ಕ ಚುಕ್ತಾ ಮಾಡಿ ಒಬ್ಬನನ್ನೇ ಕೆಳಗೆ ಕಳಿಸದೇ ಇರುವುದು. ಇದೂ ಒಂದು ಪಟ್ಟಿಯೇ. ನಮ್ಮ ಪಿಡಿಎಫಿಗೆ ಇದನ್ನು ಯಾರೂ ಅಂಟಿಸಿಲ್ಲ.

ನಮ್ಮಿಬ್ಬರ ಸಾಮಾನು ಹೊತ್ತಿದ್ದ ಹುಡುಗ ಇಪ್ಪತ್ತರ ಆಸುಪಾಸಿನವನು, ಭೋಜ್‌ಪುರ ಜಿಲ್ಲೆಯ ಕಡೆಯವನು. ‘ದಾಯಿ’ ಅಂತ ಕರೀತಿದ್ದ, ನಮ್ಮಲ್ಲಿ ಅಣ್ಣ ಅಂದ ಹಾಗೆ. ನನ್ನ ಬ್ಯಾಗಿನಲ್ಲಿ ಪಟ್ಟಿಯ ಪ್ರಕಾರ ಮೂರು ಜೊತೆ ಕೈಗವಸು: ಒಳಗಿನದು, ಉಣ್ಣೆಯದು, ನೀರು ತಡೆಯುವುದು. ಅದನ್ನು ಹೊತ್ತವನ ಕೈಯಲ್ಲಿ ಒಂದು ಜೊತೆಯೂ ಇರಲಿಲ್ಲ. ಲೊಬುಚೆಯಲ್ಲಿ ಬೆಳಿಗ್ಗೆ ಹಗ್ಗ ಬಿಗಿಯುವ ಮೊದಲು ಕೈಗೆ ಬಾಯಿಂದ ಗಾಳಿ ಊದಿಕೊಳ್ತಿದ್ದ. ಒಂದು ಜೊತೆ ಅವನಿಗೆ ಹೋಯ್ತು, ಆ ಮಾತು ಬಿಡಿ. ಹಾಗೆ ಕೊಡುವುದು ದಾನ. ಕಂಪನಿ ತಾನೇ ಕೊಡಬೇಕಾಗಿದ್ದನ್ನು ಚಾರಣಿಗನ ಕರುಣೆಗೆ ಬಿಟ್ಟುಬಿಡುವುದು ವ್ಯವಸ್ಥೆ ಅಲ್ಲ.

ನಮ್ಮೂರು ಹಾಸನ ಜಿಲ್ಲೆಯ ಒಂದು ಸಣ್ಣ ಹಳ್ಳಿ. ಹುಲ್ಲಿನ ಹೊರೆ, ಸೌದೆ ಹೊರೆ ತಲೆಮೇಲೆ ಬರುತ್ತಿದ್ದ ಕಾಲ ನೋಡಿದ್ದೀನಿ. ಹೊರೆ ಕಟ್ಟುವವರಿಗೆ ಹೊರುವವರು ಯಾರು ಅಂತ ಗೊತ್ತಿರಬೇಕು ಅಂತ ನಮ್ಮಜ್ಜಿ ಹೇಳ್ತಿದ್ರು. ದೊಡ್ಡಮ್ಮನಿಗೆ ಕಟ್ಟುವ ಹೊರೆ ಬೇರೆ, ಹೈಸ್ಕೂಲಿಗೆ ಹೋಗೋ ಹುಡುಗಿಗೆ ಕಟ್ಟುವ ಹೊರೆ ಬೇರೆ. ತಲೆಗೆ ಸಿಂಬಿ ಸುತ್ತಿ ಕೊಟ್ಟು, ಎತ್ತಿ ಇಡೋಕೆ ಕೈ ಕೊಟ್ಟು, ದಾರಿಯಲ್ಲಿ ಯಾವ ಕಲ್ಲಿನ ಮೇಲೆ ಇಳಿಸಿ ಸುಧಾರಿಸ್ಕೋಬೇಕು ಅಂತಲೂ ಹೇಳಿ ಕಳಿಸ್ತಿದ್ರು. ಖುಂಬು ಹಾದಿಯಲ್ಲಿ ಪೋರ್ಟರುಗಳ ಕೈಯಲ್ಲಿ ‘ಟಿ’ ಆಕಾರದ ಗಿಡ್ಡ ಕೋಲು ಇರುತ್ತೆ, ತೋಕ್ಮಾ ಅಂತಾರೆ. ಹೊರೆಯನ್ನು ಅದರ ಮೇಲೆ ಊರಿ ನಿಂತಲ್ಲೇ ಸುಧಾರಿಸ್ಕೋತಾರೆ. ದಾರಿಬದಿಯ ಕಲ್ಲಿನ ಕಟ್ಟೆಗಳೂ ಹೊರೆ ಇಳಿಸಲು ಸರಿಯಾದ ಎತ್ತರಕ್ಕೇ ಇವೆ. ಹೊರುವ ಲೋಕಕ್ಕೆ ತನ್ನದೇ ತಿಳಿವಳಿಕೆ ಇದೆ. ಹೊರೆ ಕಟ್ಟುವ ನಮಗೆ ಮಾತ್ರ ಹೊರುವವರು ಯಾರು ಅಂತ ಗೊತ್ತಿಲ್ಲ.

ಊರಿನ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳಬೇಕು. ನಮ್ಮಂಥ ಹಳ್ಳಿಯಿಂದ ಬಂದವರಲ್ಲಿ ಪಟ್ಟಿಯನ್ನು ಕಂಡು ನಗುವ ಒಂದು ಜಾತಿ ಇದೆ. ‘ಬರಿಗಾಲಲ್ಲಿ ಗುಡ್ಡ ಹತ್ತಿದೋರು ನಾವು, ಇವರಿಗೆ ಹನ್ನೆರಡು ಸಾವಿರದ ಶೂ ಬೇಕಂತೆ!’ ಕೇಳೋಕೆ ಚೆನ್ನಾಗಿರುತ್ತೆ, ಫೇಸ್‌ಬುಕ್ಕಿನಲ್ಲಿ ಲೈಕೂ ಬೀಳುತ್ತೆ. ಆದರೆ ಇದು ಪಟ್ಟಿಯ ಮೋಡಿಗಿಂತ ಅಪಾಯದ ಜಂಬ. ಗುಡ್ಡ ಹತ್ತೋಕೆ ಚಪ್ಪಲಿ ಸಾಕಾಗಿದ್ದು ಸಂಜೆಗೆ ಮನೆಗೆ ಬರ್ತಿದ್ವಿ ಅನ್ನುವ ಕಾರಣಕ್ಕೆ. ಹಿಮಗಾಳಿಗೆ ನೀವು ಹಳ್ಳಿಯವರೋ ಕೋರಮಂಗಲದವರೋ ಗೊತ್ತಾಗಲ್ಲ. ಮೇಲೆ ಹೇಳಿದ ಪೋರ್ಟರ್ ಹುಡುಗನೂ ಹಳ್ಳಿಯವನೇ. ಕೈಗವಸು ಅವನಿಗೂ ಬೇಕಿತ್ತು.

2024ರ ಜೂನ್ ಮೊದಲ ವಾರ ನೆನಪಿದೆಯಲ್ಲ. ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದ ಒಂಬತ್ತು ಚಾರಣಿಗರು ತೀರಿಕೊಂಡರು. ಇಪ್ಪತ್ತೆರಡು ಜನರ ತಂಡ, ಗೈಡುಗಳೂ ಜೊತೆಗಿದ್ದರು. ಉಳಿದವರಲ್ಲಿ ಹೆಚ್ಚಿನವರನ್ನು ಹೆಲಿಕಾಪ್ಟರಿನಲ್ಲಿ ಕೆಳಗೆ ತಂದರು. ಅಲ್ಲಿ ಯಾರು ಏನು ಮಾಡಬೇಕಿತ್ತು ಅಂತ ತೀರ್ಪು ಕೊಡುವ ಯೋಗ್ಯತೆ ಬೆಂಗಳೂರಿನಲ್ಲಿ ಕೂತು ಬರೆಯುವ ನನಗಿಲ್ಲ. ಆದರೆ ಆ ವಾರ ನಮ್ಮ ಗುಂಪುಗಳಲ್ಲಿ ಓಡಾಡಿದ ಮಾತು ನೆನಪಿದೆ: ಅವರ ಹತ್ತಿರ ಯಾವ ಜಾಕೆಟ್ ಇತ್ತಂತೆ, ಪೊಂಚೋ ಇತ್ತಾ? ಸಾವಿನ ಎದುರಿಗೂ ನಮಗೆ ಹೊಳೆದದ್ದು ಪಟ್ಟಿಯ ಪ್ರಶ್ನೆಯೇ. ಹವಾಮಾನ ಯಾರು ನೋಡಬೇಕು, ಇಂದು ಹೊರಡುವುದು ಬೇಡ ಅಂತ ಯಾರು ಹೇಳಬೇಕು, ಹೇಳಿದರೆ ಉಳಿದವರು ಕೇಳ್ತಾರಾ? ಈ ಪ್ರಶ್ನೆಗಳು ಬರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದು ನಮ್ಮ ತಲೆಗೂ ಬರಲ್ಲ. ಒಂದು ಬರಹಕ್ಕೆ ಇರುವ ಶಕ್ತಿ ಅದೇ, ಅದಕ್ಕೇ ಈ ವಿಮರ್ಶೆ.

ಆಫೀಸಿನಲ್ಲಿ ಯಾವುದಾದರೂ ಬದಲಾವಣೆ ಪ್ರೊಡಕ್ಷನ್ನಿಗೆ ಹೋಗುವ ಮುಂಚೆ ನಾವು ಕೇಳುವ ಮೊದಲ ಪ್ರಶ್ನೆ ಏನು? ರೋಲ್‌ಬ್ಯಾಕ್ ಪ್ಲಾನ್ ಎಲ್ಲಿದೆ? ಕೆಟ್ಟರೆ ಹಿಂದಕ್ಕೆ ಹೋಗೋದು ಹೇಗೆ, ಹೋಗೋಣ ಅಂತ ಹೇಳುವ ಅಧಿಕಾರ ಯಾರಿಗೆ? ಅದಿಲ್ಲದ ಡಾಕ್ಯುಮೆಂಟಿಗೆ ಯಾರೂ ಅಪ್ರೂವಲ್ ಕೊಡಲ್ಲ. ಒಂದು ಸರ್ವರ್ ಬಿದ್ದರೆ ಆಗುವ ನಷ್ಟಕ್ಕೆ ಇಷ್ಟು ಶಿಸ್ತು ಇಟ್ಕೊಂಡಿರೋ ನಾವು, ನಮ್ಮ ದೇಹವನ್ನೇ ಐದು ಸಾವಿರ ಮೀಟರಿಗೆ ಡಿಪ್ಲಾಯ್ ಮಾಡುವಾಗ ಕೇಳುವುದು ಜಾಕೆಟ್ಟಿನ ಬಣ್ಣ. ಹಿಂದಿರುಗುವ ದಿನದ ಲೆಕ್ಕವೂ ಇದರೊಳಗೇ ಬರುತ್ತೆ. ಲುಕ್ಲಾದಲ್ಲಿ ಮೋಡ ಕವಿದರೆ ವಿಮಾನ ಹಾರಲ್ಲ, ಒಂದು ದಿನವೂ ಆಗಬಹುದು, ಮೂರು ದಿನವೂ ಆಗಬಹುದು. ಎರಡು ದಿನ ಹೆಚ್ಚುವರಿ ರಜೆ ಇಟ್ಟುಕೊಳ್ಳದವನು ಮೇಲೆಯೇ ಅವಸರ ಶುರುಮಾಡ್ತಾನೆ. ಸೋಮವಾರದ ಸ್ಟ್ಯಾಂಡಪ್ ಮೀಟಿಂಗಿಗೋಸ್ಕರ ದಿಂಗ್‌ಬೋಚೆಯ ರಾತ್ರಿಯನ್ನು ಬಲಿ ಕೊಡ್ತಾನೆ. ಹಾಗಾಗಿ ನನ್ನ ಪ್ರಕಾರ ಪ್ಯಾಕಿಂಗ್ ಪಟ್ಟಿಯ ಮೊದಲ ಐಟಂ ಸ್ಲೀಪಿಂಗ್ ಬ್ಯಾಗಲ್ಲ, ಮ್ಯಾನೇಜರಿಗೆ ಬರೆಯುವ ರಜೆಯ ಮೇಲ್.

ಇದಕ್ಕಿಂತ ಬೇರೆ ಥರದ ಪಟ್ಟಿ ಸಾಧ್ಯವೇ ಇಲ್ಲ ಅನ್ನಬೇಡಿ, ನಮ್ಮ ನಡುವೆಯೇ ಇವೆ. ಶಬರಿಮಲೆಗೆ ಹೋಗುವವರ ಇರುಮುಡಿ ನೋಡಿ. ಎರಡೇ ಗಂಟು, ಮುಂದಿನದರಲ್ಲಿ ದೇವರಿಗೆ, ಹಿಂದಿನದರಲ್ಲಿ ತನಗೆ. ಹೊರುವವನು ತಾನೇ. ಅದಕ್ಕೂ ಮುಂಚೆ ನಲವತ್ತೊಂದು ದಿನದ ವ್ರತ. ಗಂಟು ಸಣ್ಣದು, ತಯಾರಿ ದೊಡ್ಡದು. ನಮ್ಮಲ್ಲಿ ತಿರುವುಮುರುವು, ತಯಾರಿ ಒಂದು ಶನಿವಾರದ್ದು, ಗಂಟು ಹದಿನೈದು ಕಿಲೋ.

ಭಕ್ತಿಯ ಮಾತು ಬೇಡ ಅಂದರೆ ಸರ್ಕಾರದ್ದೇ ಇನ್ನೊಂದು ಉದಾಹರಣೆ ಕೊಡ್ತೀನಿ. ವಿದೇಶಾಂಗ ಸಚಿವಾಲಯ ನಡೆಸುವ ಕೈಲಾಸ ಮಾನಸಸರೋವರ ಯಾತ್ರೆಗೆ ನಮ್ಮ ರಾಜ್ಯದಿಂದಲೂ ಜನ ಹೋಗ್ತಾರೆ. ಲಿಪುಲೇಖ್ ಹಾದಿಯಲ್ಲಿ ಹೋಗುವವರಿಗೆ ದಿಲ್ಲಿಯಲ್ಲಿ ಒಂದು ವೈದ್ಯಕೀಯ ಪರೀಕ್ಷೆ. ಪಾಸಾಗಿ, ಹೊರಟು, ಬೆಟ್ಟ ಏರಿ ಗುಂಜಿ ತಲುಪಿದ ಮೇಲೆ ಐಟಿಬಿಪಿ ವೈದ್ಯರ ಕೈಯಲ್ಲಿ ಇನ್ನೊಂದು ಪರೀಕ್ಷೆ. ರಕ್ತದೊತ್ತಡ ಏರಿದೆ, ಎತ್ತರ ಒಗ್ಗಿಲ್ಲ ಅಂತ ಕಂಡರೆ ಅಲ್ಲಿಂದಲೇ ವಾಪಸ್. ಕೈಲಾಸ ಇನ್ನೇನು ನಾಲ್ಕು ದಿನ ಅಂದರೂ ಕೇಳಲ್ಲ. ಕ್ರೂರ ಅನಿಸಬಹುದು. ಆದರೆ ಆ ಯಾತ್ರೆಗೆ ಅರ್ಜಿ ಹಾಕುವವನಿಗೆ ‘ನಿನ್ನನ್ನ ಹಿಂದಕ್ಕೆ ಕಳಿಸಬಹುದು’ ಅಂತ ಹೊರಡುವ ಮುಂಚೆಯೇ ಗೊತ್ತಿರುತ್ತೆ. ಹಿಂದಿರುಗುವುದು ಅಲ್ಲಿ ಸೋಲಲ್ಲ, ನಿಯಮ. ಯಾರ ಮೇಲೂ ಸಿಟ್ಟಿಲ್ಲ, ಇನ್‌ಸ್ಟಾಗ್ರಾಮಿಗೆ ವಿವರಣೆ ಕೊಡುವ ಪ್ರಮೇಯವೂ ಇಲ್ಲ. ಖಾಸಗಿ ಕಂಪನಿ ಗ್ರಾಹಕನಿಗೆ ಇದನ್ನು ಹೇಳೋಕೆ ಹೆದರುತ್ತೆ, ದುಡ್ಡು ಕೊಟ್ಟವನಿಗೆ ಬೇಸ್ ಕ್ಯಾಂಪಿನ ಫೋಟೋ ಕೊಡಬೇಕಲ್ಲ. ಅಲ್ಲಿ ಗೈಡಿನ ಕಷ್ಟವನ್ನೂ ಯೋಚಿಸಿ. ಹಿಂದಕ್ಕೆ ಹೋಗೋಣ ಸಾರ್ ಅಂತ ಅವನು ಹೇಳಬೇಕಾದ್ದು ಊರಿಗೆ ಹೋಗಿ ಅವನಿಗೆ ಒಂದು ಸ್ಟಾರೋ ಐದು ಸ್ಟಾರೋ ಅಂತ ರೇಟಿಂಗ್ ಕೊಡುವವನಿಗೆ.

ಗೈಡ್ ಇದ್ದರೆ ಎಲ್ಲ ಸರಿಹೋಗುತ್ತೆ ಅನ್ನುವವರಿಗೂ ಒಂದು ಮಾತು. ನೇಪಾಳ 2023ರ ಏಪ್ರಿಲ್ 1ರಿಂದ ವಿದೇಶಿ ಚಾರಣಿಗರಿಗೆ ಗೈಡ್ ಕಡ್ಡಾಯ ಅಂತ ಮಾಡಿತು. ಖುಂಬು ಪ್ರದೇಶದ ಸ್ಥಳೀಯ ಆಡಳಿತ ಅದನ್ನು ಒಪ್ಪಲಿಲ್ಲ. ಗೈಡ್ ಬೇಕು, ನಾನು ಗೈಡ್ ಪರವೇ. ಆದರೆ ಗೈಡ್ ಅಂದರೆ ದಾರಿ ತೋರಿಸುವವನಲ್ಲ. ಖುಂಬುವಿನಲ್ಲಿ ದಾರಿ ಎತ್ತಿನಗಾಡಿ ದಾರಿಯಷ್ಟು ಸ್ಪಷ್ಟವಾಗಿದೆ, ಯಾಕ್‌ಗಳ ಹಿಂದೆ ಹೋದರೂ ಸಾಕು. ಗೈಡಿನ ನಿಜವಾದ ಕೆಲಸ ಸಂಜೆ ಊಟದ ಮೇಜಿನಲ್ಲಿ ನಮ್ಮ ಮುಖ ನೋಡುವುದು. ಯಾರು ಊಟ ಬಿಟ್ಟರು, ಯಾರು ಮಾತು ನಿಲ್ಲಿಸಿದರು, ಯಾರು ತಲೆನೋವನ್ನು ಬಚ್ಚಿಡ್ತಿದಾರೆ ಅಂತ. ಅವನ ಮಾತೇ ಕೊನೆಯ ಮಾತು ಅಂತ ಮೊದಲೇ ಬರೆದುಕೊಡದ ಪಟ್ಟಿ ಅವನನ್ನು ಬರೀ ಸಾಮಾನಿನ ಮೇಸ್ತ್ರಿ ಮಾಡಿಬಿಡುತ್ತೆ.

ಹಾಗಾದರೆ ಪಟ್ಟಿ ಹರಿದು ಹಾಕಬೇಕಾ? ಬೇಡ. ಶೂ ಕೊಳ್ಳಿ, ಪದರಪದರ ಬಟ್ಟೆ ಕೊಳ್ಳಿ. ಡೌನ್ ಜಾಕೆಟ್, ಸ್ಲೀಪಿಂಗ್ ಬ್ಯಾಗ್ ಒಂದೇ ಸಲದ ಚಾರಣಕ್ಕಾದರೆ ಬಾಡಿಗೆಗೆ ತಗೊಳ್ಳಿ, ಕಠ್ಮಂಡುವಿನ ಥಮೇಲ್‌ನಲ್ಲಿ ಬೀದಿ ತುಂಬ ಅಂಗಡಿ ಇವೆ. ತುಂಬಿದ ಮೇಲೆ ಬ್ಯಾಗನ್ನು ನೀವೇ ಹೊತ್ತು ಅಪಾರ್ಟ್‌ಮೆಂಟಿನ ಹತ್ತು ಮಹಡಿ ಮೆಟ್ಟಿಲು ಹತ್ತಿ ನೋಡಿ. ನಾಲ್ಕನೇ ಮಹಡಿಯಲ್ಲಿ ಮೂರನೇ ಜೊತೆ ಪ್ಯಾಂಟು ತಾನಾಗೇ ಆಚೆ ಬರುತ್ತೆ.

ಅದರ ಜೊತೆ, ದುಡ್ಡು ಕಟ್ಟುವ ಮುಂಚೆ ಕಂಪನಿಯನ್ನು ಐದು ಪ್ರಶ್ನೆ ಕೇಳಿ. ಮೂರು ಸಾವಿರ ಮೀಟರಿನ ಮೇಲೆ ಪ್ರತಿ ರಾತ್ರಿ ಎಷ್ಟು ಎತ್ತರದಲ್ಲಿ ಮಲಗ್ತೀವಿ, ವಿಶ್ರಾಂತಿಯ ರಾತ್ರಿ ಎಷ್ಟು? ಒಬ್ಬ ಪೋರ್ಟರಿನ ಮೇಲೆ ಅವನ ಸಾಮಾನೂ ಸೇರಿ ಎಷ್ಟು ಕಿಲೋ ಹೊರಿಸ್ತೀರಿ, ತೂಗಿ ನೋಡುವವರು ಯಾರು? ಅವನ ಬಟ್ಟೆ, ಮಲಗುವ ಜಾಗ, ವಿಮೆ ಯಾರದು? ನನಗೆ ಹುಷಾರು ತಪ್ಪಿದರೆ ಇಳಿಸುವ ತೀರ್ಮಾನ ಯಾರದು, ನನ್ನ ಜೊತೆ ಯಾರು ಇಳೀತಾರೆ, ಉಳಿದ ಗುಂಪಿಗೆ ಯಾರಿರ್ತಾರೆ? ನಾನು ಮಾಡಿಸುವ ವಿಮೆ ಆರು ಸಾವಿರ ಮೀಟರಿನವರೆಗೆ ಹೆಲಿಕಾ‍ಪ್ಟರಿಗೆ ಅನ್ವಯ ಆಗುತ್ತಾ, ಅದನ್ನು ಕರೆಸುವ ನಿರ್ಧಾರ ಹೇಗೆ? ಈ ಕೊನೆಯದಕ್ಕೆ ಕಾರಣ ಇದೆ. ಬೇಡದಿದ್ದರೂ ಹೆಲಿಕಾಪ್ಟರ್ ಹಾರಿಸಿ ವಿಮಾ ದುಡ್ಡು ಎತ್ತುವ ಜಾಲವನ್ನು 2018ರಲ್ಲಿ ನೇಪಾಳ ಸರ್ಕಾರದ ತನಿಖೆಯೇ ಬಯಲಿಗೆಳೆದಿತ್ತು.

ಉತ್ತರ ಕೊಡದ ಕಂಪನಿ ಯಾವುದು ಅಂತ ನೀವೇ ತಿಳ್ಕೋತೀರಿ. ಕೊಡುವ ಕಂಪನಿಗಳೂ ಇವೆ, ಸ್ವಲ್ಪ ದುಬಾರಿ ಇರ್ತವೆ. ಆ ಹೆಚ್ಚುವರಿ ದುಡ್ಡಿನಲ್ಲಿ ಒಂದು ರಾತ್ರಿ ಜಾಸ್ತಿ ಇರುತ್ತೆ, ಒಂದು ಬೆನ್ನು ಜಾಸ್ತಿ ಇರುತ್ತೆ. ಇಬ್ಬರ ಹೊರೆಗೆ ಒಬ್ಬ ಅಂತಿದ್ದದ್ದು ಮೂವರಿಗೆ ಇಬ್ಬರು ಆಗಿರುತ್ತೆ. ಕಠ್ಮಂಡುವಿನಲ್ಲಿ ಕೀಪ್ ಅನ್ನುವ ಸಂಸ್ಥೆ ಪೋರ್ಟರುಗಳಿಗೆ ಬೆಚ್ಚನೆ ಬಟ್ಟೆ ಒದಗಿಸುವ ಬಟ್ಟೆ ಬ್ಯಾಂಕ್ ನಡೆಸುತ್ತೆ. ವಾಪಸ್ ಬರುವಾಗ ಕೈಗವಸು, ಜಾಕೆಟ್ಟುಗಳನ್ನು ಬೆಂಗಳೂರಿನ ವಾರ್ಡ್‌ರೋಬಿಗೆ ತರುವ ಬದಲು ಅಲ್ಲಿ ಕೊಟ್ಟುಬನ್ನಿ. ಬೆಂಗಳೂರಿಗೆ ಅವು ಯಾವತ್ತೂ ಬೇಕಾಗಲ್ಲ.